ಹಲ್ಲು ಕಾಣುವ ಹಾಗೆ

ಎರಡನೇ ಸಲವೂ ಮಗಳ ಮುಂಗೈ ಹಿಡಿದು ಅಡುಗೆಮನೆಗೆ ಎಳೆದುತಂದು, ಕಾಲಿನಿಂದಲೇ ಬಾಗಿಲು ಮುಂದೆ ಮಾಡಿದ.

“ಒಂದು ಸಲ ಹೇಳಿದ್ರೆ ಅರ್ಥ ಆಗಲ್ವೇನೇ ನಿಂಗೆ?”

“ಯಾವುದು?”

“ಆ ನಗು! ನಿಲ್ಸು ಅಂದೆ ಅಲ್ವಾ?”

ಹನ್ನೊಂದು ವರ್ಷದ ಹುಡುಗಿ ಅಪ್ಪನ ಮುಖವನ್ನೇ ನೋಡಿದಳು. ನೋಡುತ್ತಿದ್ದ ಹಾಗೇ ತುಟಿ ಮತ್ತೆ ಅಗಲವಾಗಿ, ಮೇಲಿನ ಸಾಲು ಕೆಳಗಿನ ಸಾಲು ಎರಡೂ ಹಲ್ಲು ಹೊರಬಿದ್ದವು. ಕಣ್ಣು ಮಾತ್ರ ನಿನ್ನೆಯಿಂದ ಅತ್ತು ಅತ್ತು ಊದಿಕೊಂಡಿದ್ದವು.

“ಹೊರಗೆ ಜನ ಬಂದಿದಾರಲ್ಲಪ್ಪಾ” ಎಂದಳು.

“ಅದಕ್ಕೇ ಹೇಳ್ತಿರೋದು! ಸತ್ತ ಮನೇಲಿ ಹಲ್ಲು ಕಿರೀತಾರಾ ಯಾರಾದ್ರೂ? ನೋಡಿದೋರು ಏನಂದ್ಕೋತಾರೆ?”

“ಆದ್ರೆ ಚಿಕ್ಕಪ್ಪ—”

“ಚಿಕ್ಕಪ್ಪನೂ ಇಲ್ಲ, ಏನೂ ಇಲ್ಲ. ಗಾಡಿ ಬರೋವರೆಗೂ ಇಲ್ಲೇ ಕೂತಿರು. ಹೊರಗೆ ತಲೆ ಹಾಕ್ಬೇಡ.”

ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂರಿಸಿದ. ಅವಳ ಮಾತು ಅರ್ಧಕ್ಕೇ ನಿಂತಿತು. ಅಪ್ಪನ ಹತ್ತಿರ ಅವಳ ಮಾತು ಯಾವತ್ತೂ ಅರ್ಧಕ್ಕೇ ನಿಲ್ಲುತ್ತಿತ್ತು. ಅವಳು ಒಂದು ವಿಷಯ ಹಿಡಿದರೆ ಬುಡದಿಂದ ತುದಿಯವರೆಗೂ ಹೇಳಿಯೇ ಬಿಡುವವಳು. ಅಷ್ಟು ಕೇಳಿಸಿಕೊಳ್ಳುವ ಪುರುಸೊತ್ತು ಅವನಿಗೆ ಎಲ್ಲಿಂದ ಬರಬೇಕು?

ಅಂಗಿ ಸರಿಮಾಡಿಕೊಂಡು, ಮುಖಕ್ಕೆ ಬೇಕಾದಷ್ಟು ದುಃಖ ತಂದುಕೊಂಡು ಹೊರಗೆ ಬಂದ. ಮುಖ ಬದಲಾಯಿಸುವುದು ಅವನಿಗೆ ಕಷ್ಟದ ಕೆಲಸವಲ್ಲ. ಇಪ್ಪತ್ತು ವರ್ಷದಿಂದ ಷೋರೂಮಿನಲ್ಲಿ ಸೋಫಾ ಮಾರುತ್ತಾ ಬಂದವನು. ಗಂಡ ಹೆಂಡತಿ ಒಳಗೆ ಬಂದು ಯಾವ ಸೋಫಾದ ಮೇಲೆ ಹೇಗೆ ಕೂತರು ಎಂದು ನೋಡಿದರೆ ಸಾಕು, ಮನೆಯಲ್ಲಿ ಮಾತು ನಡೆಯುವುದು ಯಾರದ್ದು ಎಂದು ಹೇಳಿಬಿಡುತ್ತಿದ್ದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡ್ತಾನೆ ಎಂದು ಮಾಲೀಕರೇ ಹೊಗಳುತ್ತಿದ್ದರು.

ಎರಡೇ ಕೋಣೆಯ ಬಾಡಿಗೆ ಮನೆ. ಹೊರಕೋಣೆಯ ಮಂಚದ ಮೇಲೆ ತಮ್ಮ ಮಲಗಿದ್ದ, ಕುತ್ತಿಗೆಯವರೆಗೆ ಬಿಳಿ ಹೊದಿಕೆ. ಬಾಗಿಲ ಹಿಂದಿನ ಮೊಳೆಗೆ ನೀರಿನ ಆಫೀಸಿನ ನೀಲಿ ಅಂಗಿ, ಟಾರ್ಚು, ಮೀಟರುಗುಂಡಿಯ ಮುಚ್ಚಳ ಎತ್ತುವ ಕೊಕ್ಕೆ. ನಿನ್ನೆ ಬೆಳಿಗ್ಗೆ ಇದೇ ಬೀದಿಯ ಕೊನೆಯಲ್ಲಿ ಟೈಲರಮ್ಮನ ಮನೆಯ ಮುಚ್ಚಳ ಎತ್ತಿ, ಗಾಜು ಒರೆಸಿ, ಅಂಕಿ ಬರೆದುಕೊಂಡು, ಮೆಟ್ಟಿಲ ಮೇಲೆ ಕೂತು ಸ್ವಲ್ಪ ನೀರು ಕೊಡಿ ಎಂದನಂತೆ. ಅವಳು ಲೋಟ ತರುವಷ್ಟರಲ್ಲಿ ಗೋಡೆಗೆ ಒರಗಿದ್ದ. ನಲವತ್ತಾರು ವರ್ಷಕ್ಕೇ ಎದೆಬಡಿತ ನಿಂತುಹೋಗಿತ್ತು.

ಬರುವವರು ಎಷ್ಟು ಮಹಾ, ಹತ್ತು ಜನ ಎಂದುಕೊಂಡು ಅಣ್ಣ ಹನ್ನೆರಡು ಕುರ್ಚಿ ತರಿಸಿದ್ದ. ತಮ್ಮ ಮದುವೆಯಾಗದ ಮನುಷ್ಯ, ಸ್ನೇಹಿತರೆಂದು ಒಬ್ಬನೂ ಇಲ್ಲದವನು. ಈಗ ನೋಡಿದರೆ ಬೀದಿ ತುಂಬಾ ಜನ. ಇಸ್ತ್ರಿಯವನು, ಔಷಧಿ ಅಂಗಡಿಯವನು, ಕೈಯಲ್ಲಿ ಕೂಸು ಹಿಡಿದವರು, ಊರುಗೋಲಿನವರು. ಎಲ್ಲರೂ ಅವನು ತಿಂಗಳಿಗೊಮ್ಮೆ ಬಾಗಿಲು ತಟ್ಟುತ್ತಿದ್ದ ಮನೆಗಳವರು.

“ನೀವು ಮೀಟರಣ್ಣಂಗೆ ಏನಾಗ್ಬೇಕು?” ಎಂದು ಕೇಳಿದಳು ಮೂಲೆಮನೆ ಅಜ್ಜಿ.

“ಅಣ್ಣ.”

“ಅಣ್ಣಂಗೂ ಒಬ್ಬ ಅಣ್ಣ ಇದ್ದಾನಾ! ಒಂದು ದಿನವೂ ನೋಡಿಲ್ವಲ್ಲಪ್ಪ ನಿನ್ನ.” ಅಜ್ಜಿ ಕುರ್ಚಿಯಲ್ಲಿ ಕುಸಿದು ಕೂತು ಮೂಗು ಒರೆಸಿಕೊಂಡಳು. “ಪ್ರತಿ ತಿಂಗಳು ಬಂದಾಗ್ಲೂ ಮಂಡಿನೋವು ಹೇಗಿದೆ ಅಜ್ಜಿ ಅಂತ ಕೇಳೋನು. ಕೇಳಿ ಹೋಗ್ಬಿಡೋನಲ್ಲ ಮತ್ತೆ, ನಾನು ಹೇಳಿ ಮುಗಿಸೋವರೆಗೂ ನಿಂತಿರೋನು. ನನ್ನದೇನು ಚಿಕ್ಕ ಕತೆನಾ? ಹೊಟ್ಟೇಲಿ ಹುಟ್ಟಿದ ಮಗ ಅಷ್ಟು ಹೊತ್ತು ನಿಲ್ಲಲ್ಲ.”

“ಮೊದಲನೇ ಸಲ ಬಂದಾಗ ನೀವೇನು ಮಾಡಿದ್ರಿ ಹೇಳಿ ಅಜ್ಜಿ” ಎಂದಳು ಟೈಲರಮ್ಮ.

“ಮುಖಕ್ಕೇ ಬಾಗಿಲು ಹಾಕ್ದೆ ಕಣೇ. ಎರಡೂ ಸಾಲು ಹಲ್ಲು ಬಿಟ್ಕೊಂಡು ಹಾಗೆ ನಿಂತಿದ್ರೆ ಯಾರಿಗೆ ಭಯ ಆಗಲ್ಲ? ಯಾವನೋ ತಲೆಕೆಟ್ಟೋನು ಅಂದ್ಕೊಂಡೆ.”

“ನನ್ನ ದೊಡ್ಡ ಮಗಳಂತೂ ಕಿಟಾರ್ ಅಂತ ಕಿರುಚಿದ್ಲು. ಒಳ್ಳೆ ಮನುಷ್ಯ ಅಂತ ಗೊತ್ತಾಗೋಕೆ ನಮಗೆ ಒಂದು ವರ್ಷ ಬೇಕಾಯ್ತು. ಆಮೇಲೆ ಬಿಡಿ, ಮನೆಯೋನೇ ಆಗ್ಬಿಟ್ಟ. ಚಿಕ್ಕೋಳು ಹುಟ್ಟಿದ ತಿಂಗಳು ನಿಮ್ಮ ಮೀಟರು ಎರಡು ಸಾವಿರದ ಎಂಟುನೂರ ಹದಿನಾರು ಇತ್ತು ಅಂತ ಹೇಳ್ದ ನೋಡಿ ಒಂದಿನ!”

ನೀರಿನ ಆಫೀಸಿನ ಸೂಪರ್‌ವೈಸರು ತಲೆಯಾಡಿಸಿದರು. “ಇಪ್ಪತ್ತೆರಡು ವರ್ಷ ಸಾರ್. ದಿನಕ್ಕೆ ತೊಂಬತ್ತು ಮನೆ. ಒಂದೇ ಒಂದು ಅಂಕಿ ತಪ್ಪು ಬರೆದಿಲ್ಲ. ಆಫೀಸಲ್ಲಿ ಕೂತ್ಕೊಳ್ಳೋ ಕೆಲಸ ಕೊಡ್ತೀನಿ ಬಾರಯ್ಯಾ ಅಂತ ಮೂರು ಸಲ ಕರೆದೆ. ಒಲ್ಲೆ ಅಂದ. ಯಾಕೆ ಅಂದ್ರೆ, ‘ಬಾಗಿಲಲ್ಲಿ ನಿಂತು ಏನು ಮಾತಾಡ್ಬೇಕು ಅಂತ ಕಲ್ತಿದೀನಿ ಸಾರ್. ಆಫೀಸಲ್ಲಿ ಊಟದ ಹೊತ್ತಲ್ಲಿ ಏನು ಮಾತಾಡ್ಬೇಕೋ ಗೊತ್ತಿಲ್ಲ’ ಅಂದ. ಅಂಥ ತಲೆ ಇದ್ದೋನು ಯಾಕ್ಸಾರ್ ಮುಂದೆ ಓದ್ಲಿಲ್ಲ?”

“ಏನೋ… ಹಣೇಬರಹ” ಎಂದ ಅಣ್ಣ.

“ಆ ನಗು ಚಿಕ್ಕಂದಿನಿಂದ್ಲೂ ಹಾಗೇನಾ?” ಟೈಲರಮ್ಮ ಸುಮ್ಮನೆ ಕೇಳಿದ್ದು ಅಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಅಣ್ಣನ ಕೈ ತನ್ನಷ್ಟಕ್ಕೇ ಬಾಯಿಯ ಮೇಲೆ ಹೋಯಿತು. ಇನ್ನೆರಡು ಕುರ್ಚಿ ತರ್ತೀನಿ ಎಂದು ಎದ್ದ.

*

ಮೂರು ತಿಂಗಳ ಹಿಂದೆ ಮಗಳ ಶಾಲೆಯಿಂದ ಕರೆ ಬಂದಿತ್ತು. ಗಂಡ ಹೆಂಡತಿ ಹೋಗಿ, ಮಕ್ಕಳ ಮನಸ್ಸಿನ ವಿಷಯ ನೋಡಿಕೊಳ್ಳುವ ಮೇಡಂ ಅವರ ಎದುರು ಚಿಕ್ಕ ಕುರ್ಚಿಗಳಲ್ಲಿ ಮಂಡಿ ಮಡಿಸಿ ಕೂತರು.

“ಲೆಕ್ಕದಲ್ಲಿ ಅವಳಿಗೆ ಕಲಿಸೋಕೆ ನಮ್ಮ ಹತ್ತಿರ ಏನೂ ಉಳಿದಿಲ್ಲ” ಎಂದರು ಮೇಡಮ್ಮು. “ಆದ್ರೆ ಮಧ್ಯಾಹ್ನ ಒಬ್ಬಳೇ ಮೆಟ್ಟಿಲ ಕೆಳಗೆ ಕೂತು ತಿಂತಾಳೆ. ನಿನ್ನೆ ಒಬ್ಬ ಹುಡುಗಿ ಬಿದ್ದು ಅಳ್ತಿದ್ರೆ, ಎಷ್ಟು ಎತ್ತರದಿಂದ ಬಿದ್ದೆ ಅಂತ ಕೇಳಿದಾಳೆ. ಅವಳಿಗೆ ಕೆಟ್ಟ ಮನಸ್ಸಿಲ್ಲ. ಬೇರೆ ಮಕ್ಕಳಿಗೆ ತಾನಾಗೇ ಬರೋದನ್ನ ಇವಳಿಗೆ ಒಂದೊಂದಾಗಿ ಹೇಳಿಕೊಡ್ಬೇಕು, ಅಷ್ಟೇ. ವಾರಕ್ಕೊಂದು ಗಂಟೆ ನನ್ನ ಹತ್ತಿರ ಕಳ್ಸಿ.”

“ನನ್ನ ಮಗಳಿಗೆ ಹುಚ್ಚಿಲ್ಲ ಮೇಡಂ” ಎಂದ ಅವನು, ನಗುನಗುತ್ತಲೇ.

“ಹುಚ್ಚು ಅಂತ ನಾನೆಲ್ಲಿ ಅಂದೆ?”

ಅವನು ಒಪ್ಪಲಿಲ್ಲ. ಹೆಂಡತಿ ತನ್ನ ದಾರಿ ತಾನು ಹುಡುಕಿಕೊಂಡಳು. ಶನಿವಾರ ಬೆಳಿಗ್ಗೆ ಮಗಳಿಗೆ ಟ್ಯೂಷನ್ ಎಂದು ಗಂಡನಿಗೆ ಹೇಳಿ, ಹುಡುಗಿಯನ್ನು ಮೈದುನನ ಜೊತೆ ಕಳಿಸತೊಡಗಿದಳು. ಮೈದುನ ಮೀಟರು ನೋಡುತ್ತಾ ಹೋಗುವಾಗ ಇವಳೂ ಹೋಗುವುದು, ದಿನಕ್ಕೆ ಐದು ಬಾಗಿಲು ಇವಳೇ ತಟ್ಟುವುದು.

ನಾಲ್ಕು ಶನಿವಾರ ನಡೆಯಿತು. ಐದನೆಯದಕ್ಕೆ ಷೋರೂಮಿನ ಗಿರಾಕಿಯೊಬ್ಬ, “ನಿಮ್ಮ ಮಗಳು ಆ ಮೀಟರಿನೋನ ಜೊತೆ ಮನೆಮನೆ ತಿರುಗ್ತಿದ್ಲಲ್ಲ, ಇಬ್ಬರೂ ಒಂದೇ ಥರ ಹಲ್ಲು ಬಿಟ್ಕೊಂಡು” ಎಂದು ಎಲ್ಲರೆದುರು ನಕ್ಕುಬಿಟ್ಟ. ಅಣ್ಣನ ಮೈಯೆಲ್ಲ ಉರಿದುಹೋಯಿತು. ಸೋಫಾ ಬಿಟ್ಟು, ಗಿರಾಕಿ ಬಿಟ್ಟು ಬೀದಿಬೀದಿ ಹುಡುಕಿಕೊಂಡು ಹೋದ. ತಮ್ಮ ಒಂದು ಗುಂಡಿಯ ಮುಂದೆ ಮಂಡಿಯೂರಿ, ಡಬ್ಬಿಯಲ್ಲಿ ಕೆಸರುನೀರು ಮೊಗೆದು ಹಾಕುತ್ತಿದ್ದ; ಮಗಳು ಟಾರ್ಚು ಹಿಡಿದಿದ್ದಳು.

“ನಿನ್ನ ಹಾಗೇ ಮಾಡ್ಬೇಕು ಅಂತಿದೀಯೇನೋ ಇವಳನ್ನೂ? ನಿನ್ನ ಬಾಳು ಹೀಗಾಗಿದ್ದು ಸಾಲ್ದಾ? ಇನ್ನೊಂದು ಸಲ ನನ್ನ ಮಗಳ ಹತ್ತಿರ ಸುಳಿದ್ರೆ ನೋಡು!”

ಕಿಟಕಿಗಳು ತೆರೆದುಕೊಂಡವು. ತಮ್ಮ ಎದ್ದು ನಿಂತು, ಕೈ ಒರೆಸಿಕೊಂಡು, ಬಾಯಗಲ ನಕ್ಕ. ಎರಡೂ ಸಾಲು ಹಲ್ಲು.

“ಸರಿ ಅಣ್ಣ” ಎಂದ.

ಆಮೇಲೆ ಅವನು ಅಣ್ಣನ ಮನೆಗೆ ಬರಲಿಲ್ಲ. ಬಾರದವನನ್ನು ಅಣ್ಣನೂ ಕರೆಯಲಿಲ್ಲ.

*

ಸೋದರತ್ತೆ ಬಂದದ್ದು ಮಧ್ಯಾಹ್ನ ಎರಡು ಗಂಟೆಗೆ. ಅಪ್ಪ ಸತ್ತ ಮೇಲೆ ಅಣ್ಣ ತಮ್ಮ ಇಬ್ಬರನ್ನೂ ಸಾಕಿದವಳು ಅವಳೇ. ಎಂಬತ್ತರ ಹತ್ತಿರ ವಯಸ್ಸು, ನಾಲಿಗೆಗೆ ಮಾತ್ರ ಮುಪ್ಪಿಲ್ಲ. ಮಂಚದ ಪಕ್ಕ ಕೂತು ಮೊದಲು ಎದೆ ಬಡಿದುಕೊಂಡು ಅತ್ತಳು, ಆಮೇಲೆ ಬೈಯಲು ಶುರುಮಾಡಿದಳು. ಅವಳಿಗೆ ಎರಡೂ ಒಂದೇ.

“ಹಾಳು ನಗು ಕಣ್ರೀ, ಇವನ ಬಾಳು ತಿಂದಿದ್ದು. ಕೇಳಿ ಇಲ್ಲಿ. ಇವನು ಹನ್ನೊಂದು ವರ್ಷದೋನಿದ್ದಾಗ ದೊಡ್ಡ ಶಾಲೆ ಪರೀಕ್ಷೆ ಬರೆದ. ಊಟ, ಬಟ್ಟೆ, ಪುಸ್ತಕ ಎಲ್ಲ ಅವರದ್ದೇ. ಬುದ್ಧಿವಂತ ಮಕ್ಕಳಿಗೆ ಅಂತಾನೇ ಇದ್ದ ಶಾಲೆ. ನೂರಕ್ಕೆ ನೂರು ತಗೊಂಡ! ಇನ್ನೇನು ಇಂಟರ್‌ವ್ಯೂ ಒಂದು ಬಾಕಿ. ನಾನೇ ಕೈ ಹಿಡ್ಕೊಂಡು ಕರ್ಕೊಂಡು ಹೋದೆ. ಐದು ಜನ ದೊಡ್ಡೋರು ಕೂತಿದ್ರು. ಇವನು ಹಲ್ಲು ಬಿಟ್ಟೋನು ಮುಚ್ಚಲೇ ಇಲ್ಲ. ಪಾಪ, ಅದರಲ್ಲೊಬ್ರು ನಿಮ್ಮಪ್ಪ ಏನು ಮಾಡ್ತಾರೆ ಮರಿ ಅಂದ್ರು. ಇವರಪ್ಪ ಲೈನ್‌ಮ್ಯಾನು. ಹಿಂದಿನ ವರ್ಷ ತಾನೇ ಕಂಬದ ಮೇಲೆ ಕರೆಂಟು ಹೊಡೆದು ಹೋಗಿದ್ದ, ನನ್ನ ತಮ್ಮ. ‘ಕಂಬದ ಮೇಲೆ ಸತ್ತುಹೋದ್ರು’ ಅಂತ ಇಷ್ಟಗಲ ನಗ್ತಾ ಹೇಳ್ತಾನಲ್ರೀ! ಅವರು ಮುಖ ಮುಖ ನೋಡ್ಕೊಂಡ್ರು. ನಂಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.”

“ಆಮೇಲೆ?” ಎಂದರು ಸೂಪರ್‌ವೈಸರು.

“ಆಮೇಲೇನು, ಕಾಗದ ಬಂತು. ಹುಡುಗನ ಮನಸ್ಸಿನ ಸ್ಥಿತಿ ಸರಿಯಿಲ್ಲ, ತಗೊಳ್ಳೋಕಾಗಲ್ಲ ಅಂತ. ಬಾಸುಂಡೆ ಬರೋ ಹಾಗೆ ಹೊಡೆದೆ. ಹೊಡೆದ್ರೂ ನಗ್ತಾನೆ! ಅವತ್ತೇ ಅಂದ್ಕೊಂಡೆ, ಇದು ಹುಟ್ಟುಗುಣ, ಸುಟ್ಟರೂ ಹೋಗಲ್ಲ ಅಂತ. ಅಲ್ವೇನೋ?” ಎಂದು ಅಣ್ಣನ ಕಡೆ ತಿರುಗಿದಳು. “ನೀನೂ ಇದ್ಯಲ್ಲ, ಹೇಳು!”

ಅಣ್ಣ ಹೊದಿಕೆಯ ಅಂಚು ಸರಿಮಾಡಿದ. “ಹೂಂ ಅತ್ತೆ” ಎಂದ.

*

ಅವನು ಇದ್ದದ್ದು ನಿಜ. ಅತ್ತೆಗೆ ಗೊತ್ತಿಲ್ಲದ ಕಡೆಯಲ್ಲಿ ಇದ್ದ.

ಆಗ ಅವನಿಗೆ ಹದಿಮೂರು. ತನಗಿಂತ ಎರಡು ವರ್ಷ ಚಿಕ್ಕ ತಮ್ಮ ಡಬಲ್ ಪ್ರಮೋಷನ್ ಪಡೆದು ಇವನ ಕ್ಲಾಸಿಗೇ ಬಂದು, ಇವನ ಬೆಂಚಿನಲ್ಲೇ ಕೂತ. ಮೇಷ್ಟ್ರಿಗೆ ಅದೊಂದು ಹಬ್ಬವೇ ಆಯಿತು. “ಲೋ ದೊಡ್ಡೋನೇ, ನಿನ್ನ ತಮ್ಮನ ಹತ್ತಿರ ಹೇಳಿಸ್ಕೋ ಹೋಗು” ಎಂದು ದಿನಾ ಒಂದು ಸಲವಾದರೂ ಅನ್ನುವರು, ಕ್ಲಾಸೆಲ್ಲ ಹೋ ಎನ್ನುವುದು. ತಮ್ಮನಿಗೆ ಅದು ಗೇಲಿ ಎಂದು ಕೂಡ ಗೊತ್ತಾಗದೆ, ನಿಜವಾಗಿಯೂ ಹೇಳಿಕೊಡಲು ಪುಸ್ತಕ ತೆಗೆಯುತ್ತಿದ್ದ.

ಇಂಟರ್‌ವ್ಯೂ ಹಿಂದಿನ ದಿನ ಸಂಜೆ, ಹಿತ್ತಿಲ ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದಾಗ ತಮ್ಮ ಬಂದು ನಿಂತ.

“ಅಣ್ಣ, ಲೆಕ್ಕ ಕೇಳಿದ್ರೆ ಹೇಳ್ತೀನಿ. ಲೆಕ್ಕ ಅಲ್ಲದ್ದು ಕೇಳಿದ್ರೆ ಏನ್ಮಾಡ್ಲಿ? ನಿಂಗೆ ಅದೆಲ್ಲ ಚೆನ್ನಾಗಿ ಬರುತ್ತಲ್ಲ.”

ಅದು ಹೊಗಳಿಕೆ. ತಮ್ಮ ಯಾರನ್ನೂ ಸುಮ್ಮನೆ ಹೊಗಳುವವನಲ್ಲ. ಆದರೂ ಅಣ್ಣನ ಹೊಟ್ಟೆಯಲ್ಲಿ ವರ್ಷದಿಂದ ಹೊಗೆಯಾಡುತ್ತಿದ್ದದ್ದು ಆಗಲೇ ಹೊತ್ತಿಕೊಂಡಿತು.

“ನಗ್ತಾ ಇರು” ಎಂದ. “ದೊಡ್ಡೋರಿಗೆ ನಗೋ ಮಕ್ಕಳು ಅಂದ್ರೆ ಇಷ್ಟ. ಏನೇ ಕೇಳ್ಲಿ, ಹಲ್ಲು ಕಾಣೋ ಹಾಗೆ ನಗ್ತಾನೇ ಇರು. ಬೈದ್ರೂ ನಿಲ್ಲಿಸ್ಬೇಡ. ಎರಡೂ ಸಾಲು ಕಾಣ್ಬೇಕು ನೋಡು.”

“ಹೀಗಾ?”

“ಇನ್ನೂ ಅಗಲ.”

“ಹೀಗೆ?”

“ಹಾಂ. ಈಗ ಸರಿ.”

ತಮಾಷೆ ಆಗುತ್ತೆ ಎಂದುಕೊಂಡಿದ್ದ, ಅಷ್ಟೇ. ಮಂಗನ ಹಾಗೆ ನಿಂತು ಬೈಸಿಕೊಂಡು ಬರಲಿ, ಒಂದು ದಿನವಾದರೂ ಅವನನ್ನು ನೋಡಿ ಜನ ನಗಲಿ ಎಂದುಕೊಂಡಿದ್ದ. ಕಾಗದ ಬರುತ್ತದೆ, ಅದರಲ್ಲಿ ಅಂಥ ಮಾತು ಇರುತ್ತದೆ ಎಂದು ಯಾರಿಗೆ ಗೊತ್ತಿತ್ತು? ಅತ್ತೆ ಹೊಡೆಯುವಾಗ ಬಾಗಿಲ ಸಂದಿಯಲ್ಲಿ ನಿಂತು ನೋಡಿದ. ತಮ್ಮ ಈಗ ಹೇಳ್ತಾನೆ, ಅಣ್ಣ ಹೇಳಿಕೊಟ್ಟ ಅಂತ ಈಗ ಹೇಳ್ತಾನೆ ಎಂದು ಕಾಯುತ್ತಿದ್ದ. ಅವನು ಹೇಳಲಿಲ್ಲ.

ಮಾರನೆಯ ದಿನ ಅದೇ ನಲ್ಲಿಯ ಹತ್ತಿರ ತಮ್ಮ ಬಂದ. ತೋಳಿನ ಮೇಲೆ ಬರೆಗಳು ಎದ್ದಿದ್ದವು.

“ಅಣ್ಣ, ನಾನು ಹಲ್ಲು ಸರಿಯಾಗಿ ಕಾಣಿಸ್ಲಿಲ್ಲ ಅನ್ಸುತ್ತೆ. ಅದಕ್ಕೇ ಅವರು ತಗೊಳ್ಳಲಿಲ್ಲ.”

ಆಗ ಹೇಳಬಹುದಿತ್ತು. ನೀರು ಸುರಿಯುತ್ತಿತ್ತು, ಹತ್ತಿರ ಯಾರೂ ಇರಲಿಲ್ಲ, ಒಂದೇ ಒಂದು ಮಾತು ಸಾಕಿತ್ತು. ಅಣ್ಣ ನಲ್ಲಿ ನಿಲ್ಲಿಸಿ, ಟವಲಿಗೆ ಮುಖ ಒರೆಸಿಕೊಂಡ.

“ಹೂಂ ಕಣೋ. ಇನ್ನೂ ಅಭ್ಯಾಸ ಮಾಡು” ಎಂದ.

ತಮ್ಮ ಅಂಗೈಯಗಲದ ಕನ್ನಡಿಯೊಂದನ್ನು ಸಂಪಾದಿಸಿಕೊಂಡು ದಿನಾ ಅಭ್ಯಾಸ ಮಾಡಿದ. ಹೇಳಿಕೊಟ್ಟದ್ದನ್ನು ಅರ್ಧಕ್ಕೆ ಬಿಡುವ ಜಾಯಮಾನ ಅವನದ್ದಲ್ಲ.

*

“ಸ್ವಲ್ಪ ಒಳಗೆ ಬನ್ನಿ” ಎಂದು ಹೆಂಡತಿ ಕರೆದಳು. “ಬೆಳಿಗ್ಗೆಯಿಂದ ಒಂದು ಗುಟುಕು ನೀರೂ ಕುಡಿದಿಲ್ಲ ಅವಳು. ಏನೋ ಹೇಳ್ಬೇಕಂತೆ ನಿಮ್ಮ ಹತ್ತಿರ. ಈ ಒಂದು ಸಲ ಪೂರ್ತಿ ಕೇಳಿ, ನಿಮ್ಮ ದಮ್ಮಯ್ಯ.”

ಮಗಳು ಬಕೆಟ್ಟಿನ ಮೇಲೆ ಹಾಗೇ ಕೂತಿದ್ದಳು. ಅಪ್ಪನನ್ನು ಕಂಡೊಡನೆ ಹಲ್ಲು ಕಾಣಿಸಿದಳು. ಅಪ್ಪ ನೆಲದ ಮೇಲೆ ಕೂತ.

“ಹೇಳು.”

“ಇದು ರೂಲ್ಸು ಅಪ್ಪ. ಚಿಕ್ಕಪ್ಪಂದು ನಾಲ್ಕು ರೂಲ್ಸಿದೆ. ಬಾಗಿಲು ಎರಡೇ ಸಲ ತಟ್ಟಬೇಕು, ತಟ್ಟಿ ಹಿಂದೆ ಸರೀಬೇಕು. ಅಂಕಿ ಅಲ್ಲದ್ದು ಒಂದು ಕೇಳ್ಬೇಕು. ಅವರು ಹೇಳಿ ಮುಗಿಸೋವರೆಗೂ ಕಾಯ್ಬೇಕು. ನಾಲ್ಕನೇದು, ಯಾರೇ ದೊಡ್ಡೋರು ಎದುರಿಗಿದ್ರೂ ಹಲ್ಲು ಕಾಣೋ ಹಾಗೆ ನಗ್ಬೇಕು, ಏನೇ ಆದ್ರೂ ನಿಲ್ಲಿಸ್ಬಾರ್ದು. ಹೆದ್ರಿಕೆ ಆದಾಗ, ಅಳು ಬಂದಾಗ ಇನ್ನೂ ಜಾಸ್ತಿ.” ಅವಳು ಉಸಿರು ತೆಗೆದುಕೊಂಡಳು. ಅಪ್ಪ ತಡೆಯಲಿಲ್ಲವೆಂದು ಮುಂದುವರಿಸಿದಳು. “ನಾನು ಕೇಳ್ದೆ, ಅದನ್ನ ನೋಡಿ ಕೆಲವರು ಬಾಗಿಲು ಹಾಕ್ಕೋತಾರಲ್ಲ ಚಿಕ್ಕಪ್ಪ, ಅದು ಸರಿ ಇಲ್ವೇನೋ ಅಂತ. ಅದಕ್ಕೆ ಚಿಕ್ಕಪ್ಪ, ‘ಮೊದಲಿನ ಮೂರು ನಾನೇ ಮಾಡ್ಕೊಂಡಿದ್ದು, ತಪ್ಪಿರಬಹುದು. ಇದೊಂದು ತಪ್ಪಿರೋಕೆ ಆಗಲ್ಲ. ಇದು ಅಣ್ಣ ಹೇಳಿಕೊಟ್ಟಿದ್ದು. ಅಣ್ಣಂಗೆ ಜನರ ವಿಷಯ ಎಲ್ಲ ಗೊತ್ತು’ ಅಂದ್ರು. ನೀನೇ ಹೇಳಿಕೊಟ್ಟಿದ್ದಂತೆ ಅಪ್ಪ. ಮತ್ತೆ ನೀನೇ ಯಾಕೆ ನಿಲ್ಸು ಅಂತೀಯ?”

ಹೆಂಡತಿ ಒಲೆಯ ಕಡೆಯಿಂದ ತಿರುಗಿ ನೋಡಿದಳು. ಅಣ್ಣನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

“ಸೋಮವಾರ ನನ್ನ ಇಂಟರ್‌ವ್ಯೂನಲ್ಲೂ ಹೀಗೇ ಮಾಡ್ತೀನಿ” ಎಂದಳು ಮಗಳು. “ದಿನಾ ಕನ್ನಡಿ ಮುಂದೆ ಅಭ್ಯಾಸ ಮಾಡ್ತಿದೀನಿ.”

ಸೋಮವಾರ! ಆ ಇಂಟರ್‌ವ್ಯೂ ಗೊತ್ತು ಮಾಡಿಸಿದವನು ಇವನೇ. ಬುದ್ಧಿವಂತ ಮಕ್ಕಳ ಶಾಲೆ, ಊರಲ್ಲೆಲ್ಲ ಹೇಳಿಕೊಂಡು ತಿರುಗಿದ್ದ.

ಈಗ ಹೇಳು ಎಂದಿತು ಒಳಗಿನ ದನಿ. ಬಾಯಿ ತೆರೆದ. ಇಪ್ಪತ್ತು ವರ್ಷ ಮಾತನ್ನೇ ಮಾರಿದವನಿಗೆ ಒಂದು ಮಾತು ಹೊರಡಲಿಲ್ಲ. ಅಷ್ಟರಲ್ಲಿ ಬೀದಿಯಲ್ಲಿ ಗಾಡಿ ಬಂದು ಹಾರ್ನ್ ಹೊಡೆಯಿತು. ಅದೇ ನೆಪ ಸಾಕಾಯಿತು ಹೇಡಿಗೆ. “ಗಾಡಿ ಬಂತು” ಎಂದು ಎದ್ದು ಹೊರಗೆ ಓಡಿದ.

ಹೊರಕೋಣೆಯಲ್ಲಿ ಎಲ್ಲರೂ ಎದ್ದು ನಿಂತಿದ್ದರು. ಗಾಡಿಯವರು ಇಬ್ಬರು ಬಂದು, ಯಾರು ಯಾರು ಕೈ ಕೊಡ್ತೀರಾ ಎಂದು ಕೇಳುತ್ತಿದ್ದರು. ಅಣ್ಣ ತಲೆಯ ಕಡೆ ನಿಂತುಕೊಂಡ. ಅಡುಗೆಮನೆಯ ಬಾಗಿಲು ತೆರೆದುಕೊಂಡಿತು. ಗಾಡಿ ಬರುವವರೆಗೆ ಕೂತಿರು ಎಂದು ಹೇಳಿದ್ದನಲ್ಲ, ಗಾಡಿ ಬಂದಿತ್ತು. ಮಗಳು ಬಂದು ಚಿಕ್ಕಪ್ಪನ ಮಂಚದ ಪಕ್ಕ ನಿಂತಳು. ಅವಳ ಕೆನ್ನೆಯ ಮೇಲೆ ಕಣ್ಣೀರು ಧಾರಾಕಾರ ಇಳಿಯುತ್ತಿತ್ತು. ಸುತ್ತ ಅಷ್ಟು ಜನ ದೊಡ್ಡವರನ್ನು ಕಂಡು, ಅಳು ಹೆಚ್ಚಾದಷ್ಟೂ ಬಾಯಿ ಅಗಲ ಮಾಡಿ, ಎರಡೂ ಸಾಲು ಹಲ್ಲು ಬಿಟ್ಟು ನಕ್ಕಳು.

“ಅಯ್ಯೋ ನಿನ್ನ!” ಎಂದಳು ಸೋದರತ್ತೆ. “ಚಿಕ್ಕಪ್ಪನ ಹೆಣದ ಮುಂದೆ ಹಲ್ಲು ಕಿಸೀತೀಯೇನೇ? ಅವನದ್ದೇ ಬುದ್ಧಿ ಬಂತಾ ನಿಂಗೂ?” ಮುದುಕಿಯ ಕೈ ಮೇಲೆದ್ದಿತು.

ಅಣ್ಣ ಆ ಕೈ ಹಿಡಿದುಕೊಂಡ.

“ಹೊಡೀಬೇಡ ಅತ್ತೆ. ಅದು ಅವಳದ್ದಲ್ಲ.” ಮಂಚದ ಕಡೆ ತಿರುಗಿದ. “ಅವನದ್ದೂ ಅಲ್ಲ. ನನ್ನದು. ನಾನು ಹೇಳಿಕೊಟ್ಟಿದ್ದು ಅವನಿಗೆ. ಇಂಟರ್‌ವ್ಯೂ ಹಿಂದಿನ ದಿನ, ನಲ್ಲಿ ಹತ್ರ. ಏನು ಕೇಳಿದ್ರೂ ಹಲ್ಲು ಬಿಟ್ಕೊಂಡಿರು, ಬೈದ್ರೂ ನಿಲ್ಲಿಸ್ಬೇಡ ಅಂದೆ. ಬೇಕು ಅಂತಲೇ ಅಂದೆ.”

ಸೂಪರ್‌ವೈಸರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮೂಲೆಮನೆ ಅಜ್ಜಿ ಮಂಚದ ಮೇಲಿದ್ದವನನ್ನು ನೋಡಿದಳು, ಆಮೇಲೆ ಇವನನ್ನು ನೋಡಿದಳು. ಅತ್ತೆಯ ಕೈ ಇವನ ಹಿಡಿತದಲ್ಲೇ ಸೋತು ಕೆಳಗಿಳಿಯಿತು.

“ನಾನು ಹೊಡೆದ್ನಲ್ಲೋ ಅವನ್ನ” ಎಂದಳು ಮೆಲ್ಲಗೆ. “ನೀನು ನೋಡ್ತಾ ನಿಂತಿದ್ಯಾ?”

“ಹೂಂ.”

ಮಗಳು ಮಾತ್ರ ಲೆಕ್ಕವೊಂದರ ನಡುವೆ ಸಿಕ್ಕಿಕೊಂಡವಳ ಹಾಗೆ ಹುಬ್ಬು ಗಂಟಿಕ್ಕಿದ್ದಳು. ಹಲ್ಲು ಇನ್ನೂ ಹೊರಗೇ ಇದ್ದವು.

“ಸುಳ್ಳು ಅಂತ ಗೊತ್ತಿದ್ದೂ ಹೇಳಿಕೊಟ್ಯಾ ಅಪ್ಪ?”

“ಹೂಂ ಮಗಳೇ.”

“ಯಾಕೆ?”

“ಹೊಟ್ಟೆಕಿಚ್ಚು.”

“ಚಿಕ್ಕಪ್ಪಂಗೆ ಗೊತ್ತಾಯ್ತಾ ಆಮೇಲೆ?”

“ಇಲ್ಲ. ಹೇಳಲಿಲ್ಲ ನಾನು.”

“ಮೂವತ್ತೈದು ವರ್ಷ” ಎಂದಳು ಮಗಳು. ಬೈಗುಳವೇನಲ್ಲ ಅದು, ಅವಳು ಸುಮ್ಮನೆ ಕೂಡಿ ಕಳೆದು ಹೇಳಿದ್ದು. “ಯಾವತ್ತು ಬೇಕಾದ್ರೂ ಹೇಳ್ಬಹುದಿತ್ತು.”

“ಹೇಳ್ಬಹುದಿತ್ತು.”

ಗಾಡಿಯವರಲ್ಲೊಬ್ಬ ಕೆಮ್ಮಿದ. ಮಗಳ ಬಾಯಿ ನಿಧಾನವಾಗಿ ಸಡಿಲವಾಯಿತು. ಕೆಳಗಿನ ಸಾಲು ಮರೆಯಾಯಿತು. ಮೇಲಿನ ತುಟಿ ಎಲ್ಲಿ ನಿಲ್ಲಬೇಕೋ ಗೊತ್ತಾಗದೆ ಒಮ್ಮೆ ಮೇಲೆ ಒಮ್ಮೆ ಕೆಳಗೆ ಆಡಿತು. ಅವಳಿಗೆ ಗಾಬರಿಯಾಯಿತು.

“ಹಾಗಾದ್ರೆ ಈಗ ಮುಖ ಹೇಗಿಟ್ಕೋಬೇಕು?” ಎಂದು ಕೇಳಿದಳು.

ಯಾವ ಮುಖ ಬೇಕಾದರೂ ತಂದುಕೊಳ್ಳಬಲ್ಲವನ ಮುಖ ಅಷ್ಟು ಜನರ ಎದುರಿಗೆ ಕಿವುಚಿಹೋಗಿತ್ತು. ಅವನು ಗೊತ್ತಿಲ್ಲವೆಂದು ತಲೆಯಲ್ಲಾಡಿಸಿದ.

ಹೇಳುವವರು ಯಾರೂ ಇಲ್ಲವೆಂದಾಗ ಮಗಳು ತಾನೇ ಹುಡುಕತೊಡಗಿದಳು. ಅತ್ತೆಯ ಮುಖ ನೋಡಿದಳು. ಟೈಲರಮ್ಮನ ಮುಖ, ಸೂಪರ್‌ವೈಸರ ಮುಖ ನೋಡಿದಳು. ಅಪ್ಪನ ಮುಖವನ್ನು ಬಹಳ ಹೊತ್ತು ನೋಡಿದಳು. ಅದನ್ನೂ ಬಿಟ್ಟು ಮುಂದಕ್ಕೆ ಹೋದಳು. ಕೊನೆಗೆ ಮಂಚದ ಮೇಲೆ ಬಗ್ಗಿ ಚಿಕ್ಕಪ್ಪನ ಮುಖ ನೋಡಿದಳು. ಅಲ್ಲಿ ತುಟಿಗಳು ಸುಮ್ಮನೆ ಒಂದರ ಮೇಲೊಂದು ಕೂತಿದ್ದವು, ಒಂದು ಹಲ್ಲೂ ಕಾಣುತ್ತಿರಲಿಲ್ಲ.

ಅವಳು ತೋರುಬೆರಳಿನಿಂದ ತನ್ನ ಮೇಲಿನ ತುಟಿಯನ್ನು ಮೆಲ್ಲಗೆ ಕೆಳಗೆಳೆದು, ಕೆಳಗಿನ ತುಟಿಗೆ ಸೇರಿಸಿ, ಅದು ಹಾಗೇ ನಿಂತಿತೆಂದು ಖಾತ್ರಿಯಾದ ಮೇಲೆ ಬೆರಳು ತೆಗೆದಳು. ಆ ಮುಖ ಇಟ್ಟುಕೊಂಡೇ ಚಿಕ್ಕಪ್ಪನನ್ನು ಎತ್ತಿದ ಕೈಗಳ ಹಿಂದೆ ಬೀದಿಗೆ ಇಳಿದಳು.